ಪುಸ್ತಕ ಪ್ರಕಾಶನವೂ ಒಂದು ಕಿರು ಉದ್ದಿಮೆಯೇ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗಗಳಲ್ಲಿ ಪುಸ್ತಕ ಬಿಡುಗಡೆ ಸಮಾರಂಭಗಳಿಗೆ ಕೊರತೆಯಿಲ್ಲ. ನಿವೃತ್ತ ಶಿಕ್ಷಕರು, ವಕೀಲರು, ವೈದ್ಯರು, ಬ್ಯಾಂಕ್ ನೌಕರರು ಹಾಗೂ ವ್ಯಾಪಾರಸ್ಥರು ತಮ್ಮ ಕವನ ಸಂಕಲನ, ಕಥೆ, ಪ್ರವಾಸ ಕಥನ, ಊರಿನ ಇತಿಹಾಸ ಅಥವಾ ಹಿರಿಯರ ಜೀವನ ಚರಿತ್ರೆಯನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುತ್ತಿದ್ದಾರೆ. ವೇದಿಕೆಯಲ್ಲಿ ಹಾರ, ಶಾಲು, ಭಾಷಣಗಳು ಮುಗಿದ ಮೇಲೆ ಉಳಿಯುವುದು ಪುಸ್ತಕದ ಕಟ್ಟುಗಳು ಮತ್ತು ಮುದ್ರಣಾಲಯದ ಬಾಕಿ. ಲೇಖಕನ ಬರವಣಿಗೆಯ ಗುಣಮಟ್ಟವನ್ನು ಅಳೆಯುವುದು ವಿಮರ್ಶಕರ ಕೆಲಸ. ಆದರೆ ಆತ ಹೂಡಿದ ಹಣ ಏನಾಯಿತು ಎಂಬ ಪ್ರಶ್ನೆ ವಾಣಿಜ್ಯದ್ದು. ಆದ್ದರಿಂದ ಈ ಪತ್ರಿಕೆಯ ಓದುಗರು ಅದನ್ನು ವಿವೇಚಿಸುವುದು ಸೂಕ್ತ.

ವ್ಯಾಪಾರಸ್ಥ ಬಂಧುಗಳಿಗೆ ಈ ವಿಷಯ ದೂರದ್ದೇನೂ ಅಲ್ಲ. ಅವರಲ್ಲಿ ಕೆಲವರು ಮುದ್ರಣಾಲಯಗಳ ಮಾಲೀಕರು, ಕೆಲವರು ಕಾಗದ ಮತ್ತು ಲೇಖನ ಸಾಮಗ್ರಿಗಳ ವರ್ತಕರು. ಪುಸ್ತಕಗಳಿಗೆ ಧನಸಹಾಯ ನೀಡುವವರಂತೂ ಬಹಳ ಮಂದಿ. ಜೊತೆಗೆ, ತಮ್ಮ ತಂದೆತಾಯಿಯರ ಸ್ಮರಣೆಗಾಗಿ ಪುಸ್ತಕ ತರುವ ಮನೆತನಗಳೂ ನಮ್ಮ ಜಿಲ್ಲೆಯಲ್ಲಿವೆ.

ಬಳ್ಳಾರಿಗೂ ಅಚ್ಚಿಗೂ ಹಳೆಯ ನಂಟು

ಬಳ್ಳಾರಿ ಗಡಿನಾಡು, ಇಲ್ಲಿ ಕನ್ನಡ ಪ್ರಕಾಶನ ಬೆಳೆಯದು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇತಿಹಾಸ ಈ ಮಾತನ್ನು ಒಪ್ಪುವುದಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿದ್ದುಕೊಂಡೇ ಬೈಬಲಿನ ಕನ್ನಡ ಅನುವಾದದಲ್ಲಿ ತೊಡಗಿದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ' ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. ಮರುವರ್ಷ, ಅಂದರೆ 1844ರಲ್ಲಿ, ಅದು 'ಕನ್ನಡ ಸಮಾಚಾರ' ಎಂಬ ಹೆಸರಿನಲ್ಲಿ ಬಳ್ಳಾರಿಯಲ್ಲಿ ಮೊಳೆಯಚ್ಚಿನಲ್ಲಿ ಮುದ್ರಣಗೊಂಡಿತು. ಕನ್ನಡದ ಮೊದಲ ಪತ್ರಿಕೆ ಮುದ್ರಣ ಸೌಕರ್ಯವನ್ನು ಅರಸಿ ನಮ್ಮ ಊರಿಗೆ ಬಂದಿತ್ತೆಂಬುದು ಗಮನಾರ್ಹ.

ನಮ್ಮ ಕಾಲದಲ್ಲಿಯೂ ಸಿ. ಚನ್ನಬಸವಣ್ಣನವರ ಲೋಹಿಯಾ ಪ್ರಕಾಶನ ಬಳ್ಳಾರಿಯಿಂದಲೇ ನಾಡಿನಾದ್ಯಂತ ಓದುಗರನ್ನು ಸಂಪಾದಿಸಿದೆ. ಪ್ರಕಾಶನಕ್ಕೆ ಬೆಂಗಳೂರಿನ ವಿಳಾಸವೇ ಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಆದರೆ ಊರು ಚಿಕ್ಕದಾದಷ್ಟೂ ಲೆಕ್ಕ ಬಿಗಿಯಾಗಿರಬೇಕು. ದೊಡ್ಡ ಪ್ರಕಾಶಕನಿಗೆ ಒಂದು ಪುಸ್ತಕದ ನಷ್ಟವನ್ನು ಇನ್ನೊಂದು ಪುಸ್ತಕ ತುಂಬಿಕೊಡುತ್ತದೆ. ಒಂದೇ ಪುಸ್ತಕ ತರುವ ಲೇಖಕನಿಗೆ ಆ ಆಸರೆಯಿಲ್ಲ. ಆತನ ನಷ್ಟವನ್ನು ಹೊರುವುದು ಆತನ ಸಂಸಾರ.

ಎಷ್ಟು ಪ್ರತಿ ಅಚ್ಚು ಹಾಕಿಸಬೇಕು?

ಹೊಸ ಲೇಖಕರು ಮಾಡುವ ಮೊದಲ ತಪ್ಪು ಇಲ್ಲಿಯೇ ಆಗುತ್ತದೆ. ಹಲಕುಂದಿಯ ನಿವೃತ್ತ ಶಿಕ್ಷಕರೊಬ್ಬರು 160 ಪುಟಗಳ ಪುಸ್ತಕವನ್ನು ಡೆಮಿ ಅಷ್ಟದಳ ಆಕಾರದಲ್ಲಿ ತರಲು ಬಯಸಿದ್ದಾರೆಂದು ಭಾವಿಸಬಹುದು. ಡೆಮಿ ಹಾಳೆ ಒಂದಕ್ಕೆ 16 ಪುಟಗಳಂತೆ ಇದು 10 ಫಾರಂಗಳ ಪುಸ್ತಕ. 1,000 ಪ್ರತಿಗಳಿಗೆ 10,000 ಹಾಳೆ, ಅಂದರೆ 500 ಹಾಳೆಗಳ 20 ರೀಮು ಕಾಗದ ಬೇಕು. ಮುದ್ರಣದಲ್ಲಿ ಹಾಳಾಗುವ ಹಾಳೆಗಳ ಲೆಕ್ಕ ಬೇರೆ. ಈ ಸರಳ ಗಣಿತವನ್ನು ಲೇಖಕನು ಅರಿತಿದ್ದರೆ ಮುದ್ರಕನು ಕೊಡುವ ದರಪಟ್ಟಿಯನ್ನು ಪರೀಕ್ಷಿಸಲು ಸಾಧ್ಯ.

ಮುದ್ರಣದ ವೆಚ್ಚದಲ್ಲಿ ಎರಡು ಬಗೆ. ಡಿ.ಟಿ.ಪಿ., ಕರಡು ತಿದ್ದುವಿಕೆ, ಮುಖಪುಟ ವಿನ್ಯಾಸ, ಪ್ಲೇಟು ಇವುಗಳ ಖರ್ಚು ಒಂದು ಪ್ರತಿಗೂ ಅಷ್ಟೇ, ಸಾವಿರ ಪ್ರತಿಗೂ ಅಷ್ಟೇ. ಇದು ಸ್ಥಿರ ವೆಚ್ಚ. ಕಾಗದ, ಮುದ್ರಣ, ಬೈಂಡಿಂಗ್ ಇವು ಪ್ರತಿಗಳ ಸಂಖ್ಯೆಯೊಂದಿಗೆ ಏರುವ ವೆಚ್ಚ. ಉದಾಹರಣೆಗಾಗಿ ಸ್ಥಿರ ವೆಚ್ಚ 25,000 ರೂ. ಹಾಗೂ ಪ್ರತಿಯೊಂದಕ್ಕೆ ತಗಲುವ ವೆಚ್ಚ 45 ರೂ. ಎಂದು ಇಟ್ಟುಕೊಂಡರೆ (ತೆರಿಗೆಯನ್ನು ಇಲ್ಲಿ ಸೇರಿಸಿಲ್ಲ), ಲೆಕ್ಕ ಹೀಗಾಗುತ್ತದೆ:

300 ಪ್ರತಿಗಳಿಗೆ ಒಟ್ಟು 38,500 ರೂ., ಪ್ರತಿಯೊಂದಕ್ಕೆ ಸುಮಾರು 128 ರೂ.
500 ಪ್ರತಿಗಳಿಗೆ ಒಟ್ಟು 47,500 ರೂ., ಪ್ರತಿಯೊಂದಕ್ಕೆ 95 ರೂ.
1,000 ಪ್ರತಿಗಳಿಗೆ ಒಟ್ಟು 70,000 ರೂ., ಪ್ರತಿಯೊಂದಕ್ಕೆ 70 ರೂ.

ಈ ಪಟ್ಟಿಯನ್ನು ಕಂಡ ಲೇಖಕನ ಕಣ್ಣು 70 ರೂಪಾಯಿಯ ಮೇಲೆ ನಿಲ್ಲುವುದು ಸಹಜ. 'ಇನ್ನು 22,500 ರೂಪಾಯಿ ಹಾಕಿದರೆ ಮತ್ತೆ 500 ಪ್ರತಿ ಬರುತ್ತದಲ್ಲ' ಎಂಬ ಆಸೆ ಹುಟ್ಟುತ್ತದೆ. ಆದರೆ ಅಚ್ಚಾದ ಪ್ರತಿಯ ವೆಚ್ಚ ಬೇರೆ, ಮಾರಾಟವಾದ ಪ್ರತಿಯ ವೆಚ್ಚ ಬೇರೆ. ಎರಡು ವರ್ಷಗಳಲ್ಲಿ 400 ಪ್ರತಿಗಳು ಮಾರಾಟವಾದರೆ, 500 ಅಚ್ಚು ಹಾಕಿಸಿದವನಿಗೆ ಮಾರಿದ ಪ್ರತಿಯೊಂದರ ವೆಚ್ಚ 118 ರೂ. 75 ಪೈಸೆ, 1,000 ಅಚ್ಚು ಹಾಕಿಸಿದವನಿಗೆ 175 ರೂ. ಅಗ್ಗವೆಂದು ಕಂಡದ್ದೇ ತುಟ್ಟಿಯಾಯಿತು. ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕನಾಗಲಿ, ಬಳ್ಳಾರಿಯ ಜೀನ್ಸ್ ತಯಾರಕನಾಗಲಿ ಆರ್ಡರು ನೋಡದೆ ಕೇವಲ ಹೊಲಿಗೆಯ ದರ ಅಥವಾ ಗಿರಣಿಯ ದರ ಇಳಿಯಿತೆಂದು ಮಾಲನ್ನು ಇಮ್ಮಡಿಗೊಳಿಸುವುದಿಲ್ಲ. ಲೇಖಕನೂ ಹಾಗೆಯೇ ನಡೆದುಕೊಳ್ಳಬೇಕು.

ಈಗ ಆದಾಯದ ಬದಿ. ಪುಸ್ತಕದ ಮುಖಬೆಲೆ 200 ರೂ. ಎಂದಿರಲಿ. 500 ಪ್ರತಿಗಳಲ್ಲಿ 100 ಗೌರವ ಪ್ರತಿಗಳಾಗಿ ಹೋದರೆ ಮಾರಾಟಕ್ಕೆ ಉಳಿಯುವುದು 400. ಇವುಗಳಲ್ಲಿ 200 ಪ್ರತಿಗಳು ಅಂಗಡಿಗಳ ಮೂಲಕ ಶೇ. 40ರ ಕಮಿಷನ್ನಿನಲ್ಲಿ, 200 ಪ್ರತಿಗಳು ಶೇ. 10ರ ರಿಯಾಯಿತಿಯಲ್ಲಿ ನೇರವಾಗಿ ಓದುಗರಿಗೆ ಮಾರಾಟವಾದರೆ ಬರುವ ಹಣ ಕ್ರಮವಾಗಿ 24,000 ಮತ್ತು 36,000, ಒಟ್ಟು 60,000 ರೂ. ಲೇಖಕನ ಶ್ರಮಕ್ಕೆ ಮುಖಬೆಲೆಯ ಶೇ. 10ರಂತೆ 8,000 ರೂ. ಕಳೆದರೆ 52,000 ರೂ. ಉಳಿಯುತ್ತದೆ. ಮುದ್ರಣ ವೆಚ್ಚ 47,500 ರೂ. ಹೋದ ಮೇಲೆ ಮಿಕ್ಕುವುದು 4,500 ರೂ. ಮಾತ್ರ. ತೆರಿಗೆ ಹಾಗೂ ಅಂಚೆ ವೆಚ್ಚಕ್ಕೆ ಅದೂ ಸಾಲದೆ ಹೋಗಬಹುದು. ಹೂಡಿದ್ದು ಸಾಲದ ಹಣವಾಗಿದ್ದರೆ ಶೇ. 12ರ ಸರಳ ಬಡ್ಡಿಯಂತೆ ಎರಡು ವರ್ಷಕ್ಕೆ 11,400 ರೂ. ಬೇರೆ ತೆರಬೇಕು. ಆದ್ದರಿಂದ ಪುಸ್ತಕಕ್ಕಾಗಿ ಬಡ್ಡಿಯ ಸಾಲ ಮಾಡುವುದು, ಬಂಗಾರ ಒತ್ತೆ ಇಡುವುದು, ನಿವೃತ್ತಿಯ ಗ್ರಾಚ್ಯುಯಿಟಿ ಹಣವನ್ನು ಒಮ್ಮೆಗೇ ತೊಡಗಿಸುವುದು ಸರ್ವಥಾ ಸಲ್ಲದು.

ಅದೇ ಮಾರಾಟಕ್ಕೆ 1,000 ಪ್ರತಿ ಅಚ್ಚು ಹಾಕಿಸಿದ್ದರೆ 18,000 ರೂ. ನಷ್ಟ, ಜೊತೆಗೆ ಅಟ್ಟದ ಮೇಲೆ 500 ಪ್ರತಿಗಳು. ಲೇಖಕನು ಅವುಗಳನ್ನು ಮುಖಬೆಲೆಯಲ್ಲಿ ಎಣಿಸಿ ಒಂದು ಲಕ್ಷ ರೂಪಾಯಿಯ ಆಸ್ತಿಯಿದೆ ಎಂದು ನೆಮ್ಮದಿ ತಾಳುತ್ತಾನೆ. ಲೆಕ್ಕಶಾಸ್ತ್ರದ ನಿಯಮ ಬೇರೆಯೇ ಇದೆ. ದಾಸ್ತಾನನ್ನು ತಯಾರಿಕಾ ವೆಚ್ಚ ಅಥವಾ ಮಾರಾಟದಿಂದ ನಿಜವಾಗಿ ಬರಬಹುದಾದ ಹಣ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿಯೇ ಬೆಲೆ ಕಟ್ಟಬೇಕು. ಮೂರು ವರ್ಷ ಕೇಳುವವರಿಲ್ಲದ ಪುಸ್ತಕದ ಕಟ್ಟಿಗೆ ರದ್ದಿಯ ಬೆಲೆಯಲ್ಲದೆ ಬೇರೆ ಬೆಲೆ ದೊರೆಯುವುದು ಕಷ್ಟ.

ಖರೀದಿದಾರರ ಪಟ್ಟಿ ಮೊದಲು

ಹಾಗಾದರೆ ಪ್ರತಿಗಳ ಸಂಖ್ಯೆಯನ್ನು ನಿರ್ಧರಿಸುವುದು ಹೇಗೆ? ಮುದ್ರಕನ ದರಪಟ್ಟಿಯಿಂದ ಅಲ್ಲ, ಖರೀದಿದಾರರ ಪಟ್ಟಿಯಿಂದ. ಹಸ್ತಪ್ರತಿ ಮುದ್ರಣಕ್ಕೆ ಹೋಗುವ ಮುನ್ನವೇ ಲೇಖಕನು ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಫೋನ್ ಸಂಖ್ಯೆ ಸಹಿತ ಪಟ್ಟಿ ತಯಾರಿಸಬೇಕು. 'ಓದಬಹುದಾದವರು' ಎಂಬುದಲ್ಲ, 'ಹಣ ಕೊಟ್ಟು ಕೊಳ್ಳುವವರು' ಎಂಬುದೇ ಆ ಪಟ್ಟಿಯ ಶೀರ್ಷಿಕೆ.

ಕನ್ನಡದಲ್ಲಿ ಇದಕ್ಕೆ ಮೇಲ್ಪಂಕ್ತಿಯಿದೆ. ಕಾದಂಬರಿಕಾರ ಗಳಗನಾಥರು (1869-1942) ತಮ್ಮ ಪುಸ್ತಕಗಳ ಹೊರೆ ಹೊತ್ತು ಊರೂರು ಅಲೆದು ಮಾರಿದರು. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ಅವರಿಗೆ ಪುಸ್ತಕಗಳನ್ನು ತಲುಪಿಸುವ ಪದ್ಧತಿಯನ್ನು ರೂಢಿಸಿತು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು. ಪೂರ್ಣಚಂದ್ರ ತೇಜಸ್ವಿಯವರ ಕೃತಿಗಳು ಅವರದೇ 'ಪುಸ್ತಕ ಪ್ರಕಾಶನ'ದಿಂದ ಬಂದವು. ಸ್ವಂತ ಪ್ರಕಾಶನವೆಂದರೆ ಕೀಳರಿಮೆ ಪಡಬೇಕಾದ ಸಂಗತಿಯಲ್ಲ ಎಂಬುದನ್ನು ಈ ಹೆಸರುಗಳು ತೋರಿಸುತ್ತವೆ. ಓದುಗನನ್ನು ತಾವೇ ಹುಡುಕಿಕೊಂಡು ಹೋಗುವ ಅಥವಾ ಮುಂಚಿತವಾಗಿ ಗೊತ್ತುಮಾಡಿಕೊಳ್ಳುವ ಪರಿಪಾಠವನ್ನು ಗಳಗನಾಥರಿಂದ ಮತ್ತು ಗ್ರಂಥಮಾಲೆಯಿಂದ ಕಲಿಯಬೇಕು.

ಇಂದಿನ ಲೇಖಕನು ಇದನ್ನು 'ಪ್ರಕಟಣಪೂರ್ವ ಬೆಲೆ'ಯ ರೂಪದಲ್ಲಿ ಅಳವಡಿಸಿಕೊಳ್ಳಬಹುದು. ಮೇಲಿನ ಉದಾಹರಣೆಯಲ್ಲಿ 150 ಜನ ಮುಂಗಡವಾಗಿ 150 ರೂ. ಕೊಟ್ಟರೆ 22,500 ರೂ. ಸಂಗ್ರಹವಾಗುತ್ತದೆ. 500 ಪ್ರತಿಗಳ ಕಾಗದ, ಮುದ್ರಣ, ಬೈಂಡಿಂಗ್ ವೆಚ್ಚ ಅಷ್ಟೇ. ಸ್ವಂತ ಹಣ ಸ್ಥಿರ ವೆಚ್ಚಕ್ಕೆ ಮಾತ್ರ ಸಾಕಾಗುತ್ತದೆ. 150 ಜನ ಸಿಗದೆ 40 ಜನ ಮಾತ್ರ ಸಿಕ್ಕರೆ ಅದೂ ಉಪಯುಕ್ತ ಮಾಹಿತಿಯೇ. ಆಗ 500ರ ಯೋಚನೆ ಬಿಟ್ಟು ಡಿಜಿಟಲ್ ಮುದ್ರಣದಲ್ಲಿ 100 ಪ್ರತಿ ತೆಗೆಸಬೇಕು. ಬೆಂಗಳೂರಿನ ಪೋಥಿ ಡಾಟ್ ಕಾಂನಂಥ ಸಂಸ್ಥೆಗಳು ಬೇಡಿಕೆ ಬಂದಷ್ಟೇ ಪ್ರತಿ ಮುದ್ರಿಸುವ ಸೌಲಭ್ಯವನ್ನು ಒದಗಿಸಿವೆ. ಪ್ರತಿಯೊಂದರ ವೆಚ್ಚ ಅಧಿಕವಾದರೂ ಬಂಡವಾಳ ಕಟ್ಟಿಬೀಳುವುದಿಲ್ಲ. ಮುಂಗಡ ಪಡೆದವನಿಗೆ ಎರಡು ಕಟ್ಟುಪಾಡುಗಳಿವೆ. ಹಣಕ್ಕೆ ರಸೀದಿ ಕೊಡಬೇಕು, ಹೇಳಿದ ತಿಂಗಳಲ್ಲಿ ಪುಸ್ತಕ ತಲುಪಿಸಬೇಕು. ಒಮ್ಮೆ ಮಾತು ತಪ್ಪಿದರೆ ಎರಡನೆಯ ಪುಸ್ತಕಕ್ಕೆ ಯಾರೂ ಮುಂಗಡ ಕೊಡುವುದಿಲ್ಲ.

ಗಡಿಭಾಗದ ಮಾರುಕಟ್ಟೆಗೆ ಒಂದು ವಿಶೇಷವಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿಯೇ ಉಳಿದವು. ಅಲ್ಲಿಯೂ ಕನ್ನಡ ಓದುವ ಮನೆಗಳಿವೆ. ಬೆಂಗಳೂರಿನ ಪ್ರಕಾಶಕ ಅವರನ್ನು ತಲುಪುವುದು ಕಷ್ಟ. ಬಳ್ಳಾರಿಯ ಪ್ರಕಾಶಕನಿಗೆ ಅದು ಬಸ್ಸಿನ ದಾರಿ.

ಉದ್ರಿ ವ್ಯಾಪಾರ ಮತ್ತು ಗೌರವ ಪ್ರತಿ

ಅಂಗಡಿಯ ಮೂಲಕ ಮಾರಿದ ಪ್ರತಿಗೆ 120 ರೂ., ನೇರವಾಗಿ ಮಾರಿದ ಪ್ರತಿಗೆ 180 ರೂ. ಬರುತ್ತದೆಂಬುದನ್ನು ಮೇಲೆ ಗಮನಿಸಲಾಯಿತು. ಅಂದರೆ ಅಂಗಡಿಯಿಂದ ನೇರ ಮಾರಾಟಕ್ಕೆ ತಿರುಗಿಸಿದ ಪ್ರತಿಯೊಂದು ಪುಸ್ತಕವೂ 60 ರೂ. ಹೆಚ್ಚು ತರುತ್ತದೆ. ಹಾಗೆಂದು ಪುಸ್ತಕದ ಅಂಗಡಿಯವನನ್ನು ಶೋಷಕನೆಂದು ದೂರುವುದು ಅನ್ಯಾಯ. ಆತನಿಗೂ ಬಾಡಿಗೆ, ಸಂಬಳ, ವಿದ್ಯುತ್ ಬಿಲ್ಲು ಇದೆ. ಅಪರಿಚಿತ ಓದುಗನಿಗೆ ಪುಸ್ತಕ ತೋರಿಸುವುದೂ ಆತನೇ. ಅಂಗಡಿಗೆ ಕೊಡುವ ಪ್ರತಿಗಳಿಗೆ ಚಲನ್ ಬರೆದು ಸಹಿ ಪಡೆಯುವುದು, ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡುವುದು, ಮಾರದೆ ಉಳಿದ ಪ್ರತಿಗಳನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು ಮೊದಲೇ ಗೊತ್ತುಪಡಿಸುವುದು ಪ್ರಕಾಶಕನ ಹೊಣೆ. ಇಪ್ಪತ್ತು ಅಂಗಡಿಗಳಿಗೆ ಹತ್ತು ಹತ್ತು ಪ್ರತಿ ಕೊಟ್ಟು ಮರೆಯುವುದಕ್ಕಿಂತ ನಾಲ್ಕು ಅಂಗಡಿಗಳೊಂದಿಗೆ ಕ್ರಮಬದ್ಧ ವ್ಯವಹಾರ ಲೇಸು. ಉದ್ರಿ ಮಾರಾಟವೆಲ್ಲ ಮಾರಾಟವಲ್ಲ ಎಂಬುದನ್ನು ವ್ಯಾಪಾರಸ್ಥರಿಗೆ ಹೇಳಿಕೊಡಬೇಕಾಗಿಲ್ಲ.

ಗೌರವ ಪ್ರತಿಗಳದು ಇನ್ನೊಂದು ಸೋರಿಕೆ. ನೂರು ಪ್ರತಿಗಳ ಗೌರವದ ವೆಚ್ಚ ಮೇಲಿನ ಉದಾಹರಣೆಯಲ್ಲಿ 9,500 ರೂ. ವಿಮರ್ಶೆಗಾಗಿ ಪತ್ರಿಕೆಗಳಿಗೆ, ಮುನ್ನುಡಿ ಬರೆದವರಿಗೆ, ನೆರವಾದವರಿಗೆ ಕೊಡಬೇಕಾದುದನ್ನು ಕೊಟ್ಟೇ ಕೊಡಬೇಕು. ಆದರೆ ಬಿಡುಗಡೆಯ ದಿನ ವೇದಿಕೆಯಿಂದ ಕೈಗೆ ಸಿಕ್ಕವರಿಗೆಲ್ಲ ಹಂಚಿದರೆ, ಕೊಳ್ಳಲೆಂದೇ ಬಂದವರೂ ಹಣ ತೆಗೆಯದೆ ಹೋಗುತ್ತಾರೆ. ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿ, ಕ್ಯೂಆರ್ ಕೋಡ್ ಇಟ್ಟು, ಒಬ್ಬರನ್ನು ಮಾರಾಟಕ್ಕೆ ಕೂರಿಸುವುದು ಶಾಲು ಹಾರಗಳಿಗಿಂತ ಅಗತ್ಯವಾದ ವ್ಯವಸ್ಥೆ.

ಸರ್ಕಾರದ ಖರೀದಿಯ ಭರವಸೆ

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ವಿಧಿಸಲಾಗುತ್ತಿದೆ. ಬಳ್ಳಾರಿಯ ಪ್ರತಿಯೊಬ್ಬ ಅಂಗಡಿ, ಗೋದಾಮು, ಕಾರ್ಖಾನೆ ಮಾಲೀಕನೂ ಈ ಕರ ತೆತ್ತು ಪುಸ್ತಕ ಸಂಸ್ಕೃತಿಗೆ ಪಾಲು ಸಲ್ಲಿಸುತ್ತಿದ್ದಾನೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಯೋಜನೆ ಕನ್ನಡದ ಸಣ್ಣ ಪ್ರಕಾಶಕರಿಗೆ ಬಹುಕಾಲದಿಂದ ಆಧಾರವಾಗಿದೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನೂ ನಡೆಸಿಕೊಂಡು ಬಂದಿದೆ. ಅರ್ಹರು ಕಾಲಮಿತಿಯಲ್ಲಿ ಅರ್ಜಿ ಸಲ್ಲಿಸಬೇಕು, ಹಿಂಜರಿಯಬಾರದು.

ಆದರೆ ಈ ಹಣವನ್ನು ಆಯವ್ಯಯ ಪಟ್ಟಿಯ ಆದಾಯದ ಬದಿಯಲ್ಲಿ ಮೊದಲೇ ಬರೆದುಕೊಳ್ಳುವುದು ವಿವೇಕವಲ್ಲ. ಆಯ್ಕೆ ಆಗುವುದೋ ಇಲ್ಲವೋ, ಆದರೆ ಹಣ ಯಾವ ವರ್ಷ ಬರುವುದೋ ಎಂಬುದು ಪ್ರಕಾಶಕನ ಕೈಯಲ್ಲಿಲ್ಲ. ಖರೀದಿ ಆಗದಿದ್ದರೂ ನಷ್ಟವಾಗದಂತೆ ಲೆಕ್ಕ ಹಾಕಿ, ಆದರೆ ಲಾಭವೆಂದು ಭಾವಿಸುವುದೇ ಕ್ಷೇಮ.

ತೆರಿಗೆಯ ಲೆಕ್ಕ

'ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ' ಎಂಬ ಮಾತು ಅರ್ಧ ಸತ್ಯ. ಅಚ್ಚಾದ ಪುಸ್ತಕದ ಮಾರಾಟಕ್ಕೆ ತೆರಿಗೆ ಇಲ್ಲ, ನಿಜ. ಕೇವಲ ಪುಸ್ತಕಗಳನ್ನೇ ಮಾರುವವನು ನೋಂದಣಿ ಪಡೆಯಬೇಕಾಗಿಯೂ ಇಲ್ಲ. ಆದರೆ ಪುಸ್ತಕ ತಯಾರಾಗುವ ಹಾದಿಯಲ್ಲಿ ತೆರಿಗೆ ಇದ್ದೇ ಇದೆ. 2025ರ ಸೆಪ್ಟೆಂಬರ್ 22ರಿಂದ ಪುಸ್ತಕ ಮುದ್ರಣದ ಕಾಗದದ ಮೇಲಿನ ದರ ಶೇ. 12ರಿಂದ ಶೇ. 18ಕ್ಕೆ ಏರಿತು. ಮಾರಾಟ ತೆರಿಗೆರಹಿತವಾದ್ದರಿಂದ ಹೀಗೆ ತೆತ್ತ ತೆರಿಗೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಅದು ಪುಸ್ತಕದ ವೆಚ್ಚವಾಗಿಯೇ ಉಳಿಯುತ್ತದೆ.

ಇಲ್ಲಿ ಒಂದು ಉಳಿತಾಯದ ಮಾರ್ಗವಿದೆ. ಕಾಗದ ಸಹಿತ ಪೂರ್ಣ ಕೆಲಸವನ್ನು ಮುದ್ರಕನಿಗೇ ವಹಿಸಿದರೆ ಆತನ ಬಿಲ್ಲಿನ ಮೇಲೆ ಶೇ. 18ರ ತೆರಿಗೆ ಬೀಳುತ್ತದೆ. ಕಾಗದವನ್ನು ಪ್ರಕಾಶಕನೇ ಕೊಂಡು ಕೊಟ್ಟು, ಪುಸ್ತಕ ಮುದ್ರಣದ ಜಾಬ್ ವರ್ಕ್ ಮಾತ್ರ ಮಾಡಿಸಿಕೊಂಡರೆ ಆ ಕೂಲಿಯ ಮೇಲೆ ಶೇ. 5ರ ತೆರಿಗೆ. ಮೇಲಿನ ಉದಾಹರಣೆಯ 22,500 ರೂ.ಗಳಲ್ಲಿ ಕಾಗದ 10,000, ಮುದ್ರಣ ಮತ್ತು ಬೈಂಡಿಂಗ್ 12,500 ರೂ. ಎಂದಾದರೆ ಮೊದಲ ಕ್ರಮದಲ್ಲಿ ತೆರಿಗೆ 4,050 ರೂ., ಎರಡನೆಯ ಕ್ರಮದಲ್ಲಿ 1,800 ಮತ್ತು 625 ಸೇರಿ 2,425 ರೂ. ಉಳಿತಾಯ 1,625 ರೂ. ಆದರೆ ಕಾಗದ ಆರಿಸುವ, ಸಾಗಿಸುವ, ಹಾಳಾದ ಹಾಳೆಗಳ ಲೆಕ್ಕ ಕೇಳುವ ಹೊಣೆ ಪ್ರಕಾಶಕನದಾಗುತ್ತದೆ. ನೂರಿನ್ನೂರು ಪ್ರತಿಗಳ ಕೆಲಸಕ್ಕೆ ಈ ತೊಡಕು ಬೇಡ.

ಜಿಎಸ್‌ಟಿ ನೋಂದಣಿಯಿರುವ ವ್ಯಾಪಾರಸ್ಥರು ತಮ್ಮ ಸಂಸ್ಥೆಯ ಹೆಸರಿನಲ್ಲಿಯೇ ಪುಸ್ತಕ ತರುವಾಗ ಹೆಚ್ಚಿನ ಎಚ್ಚರ ವಹಿಸಬೇಕು. ಪುಸ್ತಕದ ಕಾಗದ ಹಾಗೂ ಮುದ್ರಣದ ಬಿಲ್ಲುಗಳ ಕ್ರೆಡಿಟ್ ಪಡೆಯುವಂತಿಲ್ಲ. ತೆರಿಗೆರಹಿತ ಮಾರಾಟ ಸೇರಿಕೊಂಡ ಕೂಡಲೇ ಕಚೇರಿಯ ಬಾಡಿಗೆಯಂಥ ಸಾಮಾನ್ಯ ವೆಚ್ಚಗಳ ಕ್ರೆಡಿಟ್ಟಿನಲ್ಲಿಯೂ ಪ್ರಮಾಣಾನುಸಾರ ಭಾಗವನ್ನು ಹಿಂದಿರುಗಿಸಬೇಕಾಗುತ್ತದೆ. ಉಚಿತವಾಗಿ ಹಂಚಿದ ಪ್ರತಿಗಳಿಗಂತೂ ಕ್ರೆಡಿಟ್ ಇಲ್ಲವೇ ಇಲ್ಲ. ತಂದೆಯವರ ಸ್ಮರಣ ಗ್ರಂಥವನ್ನು ಕುಟುಂಬದವರ ಹೆಸರಿನಲ್ಲಿ, ಪ್ರತ್ಯೇಕ ಬ್ಯಾಂಕ್ ಖಾತೆಯ ಮೂಲಕ ತರುವುದು ಅಂಗಡಿಯ ಲೆಕ್ಕವನ್ನು ಶುದ್ಧವಾಗಿಡುತ್ತದೆ.

ಆದಾಯ ತೆರಿಗೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 1961ರ ಕಾಯಿದೆಯ 80ಕ್ಯೂಕ್ಯೂಬಿ ಕಲಮಿನಂತೆ ಸಾಹಿತ್ಯ, ಕಲೆ ಅಥವಾ ವಿಜ್ಞಾನ ಕೃತಿಯ ಲೇಖಕನಿಗೆ ರಾಯಲ್ಟಿ ಆದಾಯದ ಮೇಲೆ ವರ್ಷಕ್ಕೆ 3 ಲಕ್ಷ ರೂ.ವರೆಗೆ ವಿನಾಯಿತಿಯಿತ್ತು. ಪಠ್ಯಪುಸ್ತಕ, ಗೈಡು, ಡೈರಿಗಳಿಗೆ ಅದು ಅನ್ವಯಿಸದು. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೂ ದೊರೆಯದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯಿದೆ ಅನ್ವಯಿಸುವುದರಿಂದ ಕಲಮಿನ ಸಂಖ್ಯೆಯನ್ನು ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಕೊಳ್ಳಬೇಕು. ಮುಖ್ಯವಾಗಿ, ಈ ವಿನಾಯಿತಿ ರಾಯಲ್ಟಿ ಅಥವಾ ಹಕ್ಕು ವರ್ಗಾವಣೆಯ ಹಣಕ್ಕೆ ಸಂಬಂಧಿಸಿದ್ದು. ಲೇಖಕನೇ ಪ್ರಕಾಶಕನಾಗಿ ಪುಸ್ತಕ ಮಾರಿ ಗಳಿಸಿದ ಲಾಭ ರಾಯಲ್ಟಿಯಲ್ಲ, ವ್ಯಾಪಾರದ ಆದಾಯ. ಅದನ್ನು ಹಾಗೆಯೇ ತೋರಿಸಿ, ತಗಲಿದ ವೆಚ್ಚವನ್ನು ಬಿಲ್ಲುಗಳ ಆಧಾರದಲ್ಲಿ ಕಳೆಯಬೇಕು. ಬಿಲ್ಲಿಲ್ಲದ ಖರ್ಚಿಗೆ ನೆಲೆಯಿಲ್ಲ.

ಕರಾರು, ಐಎಸ್‌ಬಿಎನ್, ಅಂಚೆ

ಸಣ್ಣ ಪ್ರಕಾಶಕನು ಇತರರ ಕೃತಿಯನ್ನು ತರುವಾಗ ಒಂದು ಪುಟದ ಕರಾರು ಪತ್ರವಾದರೂ ಇರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕು ವರ್ಗಾವಣೆ ಲಿಖಿತವಾಗಿಯೇ ಆಗಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ, ವ್ಯಾಪ್ತಿಯನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆ ಪರಿಗಣಿಸುತ್ತದೆ. ಪ್ರತಿಗಳ ಸಂಖ್ಯೆ, ರಾಯಲ್ಟಿಯ ದರ, ಲೆಕ್ಕ ಕೊಡುವ ತಿಂಗಳು, ಮರುಮುದ್ರಣದ ಹಕ್ಕು ಇವಿಷ್ಟನ್ನು ಬರೆದಿಟ್ಟರೆ ಗೆಳೆತನವೂ ಉಳಿಯುತ್ತದೆ.

ಐಎಸ್‌ಬಿಎನ್ ಸಂಖ್ಯೆಯನ್ನು ಭಾರತದಲ್ಲಿ ನೀಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ. ಅದು ಉಚಿತ, ಲೇಖಕನು ಸ್ವತಃ ಅರ್ಜಿ ಸಲ್ಲಿಸಬಹುದು. ಈ ಸಂಖ್ಯೆ ಕೊಡಿಸುವುದಾಗಿ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಗೆ ಹಣ ತೆರಬೇಕಾಗಿಲ್ಲ. 1954ರ ಕಾಯಿದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಹಾಗೂ ಗೊತ್ತುಪಡಿಸಿದ ಇತರ ಮೂರು ಗ್ರಂಥಾಲಯಗಳಿಗೆ ಪ್ರಕಟಣೆಯಾದ 30 ದಿನಗಳೊಳಗೆ ಪ್ರತಿ ಕಳುಹಿಸುವುದು ಪ್ರಕಾಶಕನ ಕರ್ತವ್ಯ. ಈ ನಾಲ್ಕು ಪ್ರತಿಗಳನ್ನು ಮೊದಲೇ ತೆಗೆದಿಡಬೇಕು.

ನೇರ ಮಾರಾಟದ ಜೀವಾಳ ಅಂಚೆ. ಪುಸ್ತಕಗಳಿಗಾಗಿ ಅಂಚೆ ಇಲಾಖೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಸೇವೆಯನ್ನು ಆರಂಭಿಸಿತು. ಆರಂಭದ ದರ 300 ಗ್ರಾಂವರೆಗೆ 20 ರೂ., 5 ಕಿಲೋವರೆಗೆ 100 ರೂ., ತೆರಿಗೆ ಪ್ರತ್ಯೇಕ. 70 ಜಿ.ಎಸ್.ಎಂ. ಕಾಗದದ 160 ಪುಟಗಳ ಡೆಮಿ ಪುಸ್ತಕ ಮುಖಪುಟ ಸೇರಿ ಸುಮಾರು 200 ಗ್ರಾಂ ತೂಗುತ್ತದೆ. ಅಂದರೆ ಲಕೋಟೆ ಸಹಿತ ಮೊದಲ ದರದಲ್ಲಿಯೇ ಹೋಗುತ್ತದೆ. ಕಾಗದ ದಪ್ಪವಾಗಿ, ಪುಟಗಳು ಹೆಚ್ಚಿ ತೂಕ 300 ಗ್ರಾಂ ದಾಟಿದರೆ ಪ್ರತಿ ಕಟ್ಟಿಗೂ ಖರ್ಚು ಏರುತ್ತದೆ. ಆದ್ದರಿಂದ ಕಾಗದವನ್ನು ಆರಿಸುವ ದಿನವೇ ಅಂಚೆಯ ದರಪಟ್ಟಿಯನ್ನೂ ಮುಂದಿಟ್ಟುಕೊಳ್ಳಬೇಕು.

ವ್ಯಾಪಾರಸ್ಥರು ಮಾಡಬಹುದಾದುದು

ಪುಸ್ತಕವನ್ನು ಸರಕಿನಂತೆ ಕಾಣುವುದು ಸಾಹಿತ್ಯಕ್ಕೆ ಅಪಚಾರವೆಂದು ಕೆಲವರು ಆಕ್ಷೇಪಿಸಬಹುದು. ಬರೆಯುವುದು ಸೇವೆ, ಲಾಭಕ್ಕಾಗಿ ಅಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಮೊದಲ ಪುಸ್ತಕದಲ್ಲಿ ಕೈಸುಟ್ಟುಕೊಂಡವನು ಎರಡನೆಯದನ್ನು ತರುವುದಿಲ್ಲ. ಮನೆಯವರು ತರಗೊಡುವುದೂ ಇಲ್ಲ. ಲೆಕ್ಕವಿಟ್ಟವನಿಗೆ ಮಾತ್ರ ಎರಡನೆಯ ಪುಸ್ತಕ ಸಾಧ್ಯ. ಈ ದೃಷ್ಟಿಯಿಂದ ಲೆಕ್ಕವೂ ಸಾಹಿತ್ಯ ಸೇವೆಯ ಒಂದು ಅಂಗವೇ ಆಗಿದೆ.

ಇದರಲ್ಲಿ ವ್ಯಾಪಾರ ವರ್ಗದ ಪಾತ್ರವೂ ಬದಲಾಗಬೇಕಾಗಿದೆ. ಲೇಖಕನು ಬಂದು ಕೇಳಿದಾಗ 5,000 ರೂ. ದೇಣಿಗೆ ಕೊಟ್ಟು, ವೇದಿಕೆಯಲ್ಲಿ ಸನ್ಮಾನ ಪಡೆದು ಬರುವುದು ಈಗಿನ ರೂಢಿ. ದೇಣಿಗೆಯ ಹಣ ಮುದ್ರಣದ ಸಂಖ್ಯೆಯನ್ನು ಹಿಗ್ಗಿಸುತ್ತದೆಯೇ ಹೊರತು ಓದುಗರ ಸಂಖ್ಯೆಯನ್ನಲ್ಲ. ಅದೇ 5,000 ರೂಪಾಯಿಗೆ 150 ರೂ. ಮುಂಗಡ ಬೆಲೆಯಲ್ಲಿ 33 ಪ್ರತಿಗಳು ಬರುತ್ತವೆ. ಅವುಗಳನ್ನು ನೌಕರರ ಮಕ್ಕಳಿಗೆ, ಊರಿನ ಶಾಲೆಗಳಿಗೆ, ದೀಪಾವಳಿಯ ಲಕ್ಷ್ಮೀಪೂಜೆಗೆ ಬರುವ ಗಿರಾಕಿಗಳಿಗೆ ಕೊಟ್ಟರೆ ಲೇಖಕನಿಗೆ ಮಾರಾಟವಾಗುತ್ತದೆ, ಪುಸ್ತಕಕ್ಕೆ ಓದುಗ ಸಿಗುತ್ತಾನೆ. ಮುಂಡರಗಿ, ಹಲಕುಂದಿ ಕಡೆಯ ಕಾರ್ಖಾನೆಗಳು ವರ್ಷಕ್ಕೊಮ್ಮೆ ಸ್ಥಳೀಯ ಲೇಖಕರ ನಾಲ್ಕಾರು ಪುಸ್ತಕಗಳನ್ನು ಹೀಗೆ ಕೊಂಡರೂ 500 ಪ್ರತಿಗಳ ಒಂದು ಮುದ್ರಣಕ್ಕೆ ಅದು ಸಣ್ಣ ಆಸರೆಯಲ್ಲ.

ಸ್ಥಳೀಯ ಮುದ್ರಕರೂ ಯೋಚಿಸಬೇಕು. ಸಾವಿರ ಪ್ರತಿಯ ಒಂದು ಆರ್ಡರಿಗಿಂತ, ಮುನ್ನೂರರಂತೆ ಮೂರು ಬಾರಿ ಬರುವ ಗಿರಾಕಿ ಮೇಲು. ಪುಟವಿನ್ಯಾಸದ ಕಡತವನ್ನು ಜೋಪಾನವಾಗಿಟ್ಟು, ಮರುಮುದ್ರಣಕ್ಕೆ ಕೇವಲ ಏರುವ ವೆಚ್ಚ ಮತ್ತು ಪ್ಲೇಟಿನ ಹಣ ಪಡೆಯುವ ದರಪಟ್ಟಿಯನ್ನು ಪ್ರಕಟಿಸಿದರೆ ಲೇಖಕರು ಹೊರ ಊರುಗಳ ಮುದ್ರಣಾಲಯಗಳಿಗೆ ಹೋಗುವ ಪ್ರಮೇಯ ಕಡಿಮೆಯಾಗುತ್ತದೆ.

ಲೇಖಕನ ಮಟ್ಟಿಗೆ ಹೇಳುವುದಾದರೆ, ಪುಸ್ತಕದ ಹೆಸರಿನಲ್ಲಿ ಪ್ರತ್ಯೇಕ ಬ್ಯಾಂಕ್ ಖಾತೆ, ಒಂದು ರಸೀದಿ ಪುಸ್ತಕ, ಒಂದು ದಾಸ್ತಾನು ವಹಿ, ಖರೀದಿದಾರರ ಒಂದು ಪಟ್ಟಿ ಈ ನಾಲ್ಕು ಇದ್ದರೆ ಪ್ರಕಾಶನಕ್ಕೆ ತಳಪಾಯ ಬಿದ್ದಂತೆ. ಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆಯೋ ಅದಕ್ಕೆ ತಕ್ಕಷ್ಟೇ ಅಚ್ಚು ಹಾಕಿಸಲಿ. ಮುಗಿದರೆ ಮತ್ತೆ ಅಚ್ಚು ಹಾಕಿಸಬಹುದು, ಮುಗಿಯದಿದ್ದರೆ ಮನೆ ಉಳಿಯುತ್ತದೆ.